ಮಂಚದ ಕಂಬಿ ಒರೆಸುವ ಕೆಲಸ

ಕೇಳುಗರಿಗೆ ನಮಸ್ಕಾರ.

ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವ ರೋಗಿಯ ಜೊತೆ ಮನೆಯವರು ಇಬ್ಬರು ಮೂವರು ಇದ್ದೇ ಇರುತ್ತಾರೆ. ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡು, ಸ್ವಿಚ್ಚು, ಬಾಗಿಲ ಹಿಡಿಕೆ ಎಲ್ಲರ ಕೈಗೂ ಸಿಗುತ್ತವೆ. ಒಣಗಿದ ಕಂಬಿಯ ಮೇಲೂ ಅಸಿನೆಟೊಬ್ಯಾಕ್ಟರ್, ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರಬಲ್ಲವು.

ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಬಳಕೆ ಹೆಚ್ಚು. ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಆ ಗುಣದ ಜೀನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕಿನ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಎನ್‌ಡಿಎಂ ಎಂಬ ಜೀನು ಹಾಗೆ ದಾಟಿದರೆ, ಕೊನೆಗೆಂದು ಇಟ್ಟುಕೊಂಡ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಕೂಡ ಸಾಮಾನ್ಯವಾಗಿ ಕೈಕೊಡುತ್ತದೆ. ಆದ್ದರಿಂದ ಕಂಬಿ ಒರೆಸುವುದೂ ಚಿಕಿತ್ಸೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒರೆಸುವುದರಲ್ಲಿ ಎಡವುವುದು ಎಲ್ಲಿ? ಕೊಳೆಯ ಮೇಲೆ ನೇರವಾಗಿ ಹೈಪೋಕ್ಲೋರೈಟ್, ಅಂದರೆ ಹೈಪೋ ಎಂದು ಕರೆಯುವ ಕ್ಲೋರಿನ್ ಬ್ಲೀಚ್ ದ್ರಾವಣ ಸುರಿಯುವಲ್ಲಿ. ರಕ್ತ, ಕೀವು, ಧೂಳಿಗೆ ತಗುಲಿದ ಕ್ಲೋರಿನ್ ಅಲ್ಲಿಯೇ ಖರ್ಚಾಗಿಬಿಡುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಬರೀ ನೀರು, ಕಡೆಗೆ ಹೈಪೋ. ಮೂರಕ್ಕೂ ಬೇರೆ ಬೇರೆ ಬಕೆಟ್. ಶೇಕಡಾ 5ರ ಹೈಪೋ 1 ಲೀಟರಿಗೆ 9 ಲೀಟರ್ ನೀರು ಬೆರೆಸಿದರೆ ಶೇಕಡಾ 0.5ರ ದ್ರಾವಣ. ರಕ್ತ ಚೆಲ್ಲಿದ ಜಾಗಕ್ಕೆ ಶೇಕಡಾ 1 ಬೇಕು, ಅಂದರೆ 1 ಲೀಟರಿಗೆ 4 ಲೀಟರ್ ನೀರು. ಕೈಗವಸು ತೊಟ್ಟು, ಹೀರುವ ಬಟ್ಟೆಯಿಂದ ರಕ್ತ ತೆಗೆದ ಮೇಲೆ ಹಾಕಬೇಕು. ಹಾಕಿದ ಕೂಡಲೇ ಒರೆಸಿಬಿಟ್ಟರೆ ಪ್ರಯೋಜನವಿಲ್ಲ. 10 ನಿಮಿಷವಾದರೂ ಒದ್ದೆಯಾಗಿರಲಿ. ಕಬ್ಬಿಣದ ಕಂಬಿ ತುಕ್ಕು ಹಿಡಿಯದಂತೆ ಆಮೇಲೆ ನೀರಿನ ಬಟ್ಟೆಯಲ್ಲಿ ಒರೆಸಿ. ಬಿಸಿಲಿಗೂ ಸೆಕೆಗೂ ಹೈಪೋ ಸತ್ವ ಕಳೆದುಕೊಳ್ಳುತ್ತದೆ, ನಮ್ಮ ಏಪ್ರಿಲ್‌ನಲ್ಲಂತೂ ಬೇಗ. ಬೆರೆಸಿದ್ದನ್ನು ಆ ದಿನವೇ ಮುಗಿಸಿ, ಮುಚ್ಚಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಒಂದೇ ಬಟ್ಟೆಯಲ್ಲಿ ಹತ್ತು ಮಂಚ ಒರೆಸಿದರೆ ಮೊದಲ ಮಂಚದ ಬ್ಯಾಕ್ಟೀರಿಯಾ ಹತ್ತನೆಯದಕ್ಕೂ ತಲುಪುತ್ತವೆ. ಮಂಚಕ್ಕೊಂದು ಬಟ್ಟೆ, ಮೇಲಿನಿಂದ ಕೆಳಗೆ, ಶುಚಿಯಿರುವಲ್ಲಿಂದ ಕೊಳೆಯಿರುವಲ್ಲಿಗೆ. ಬಳಸಿದ್ದನ್ನು ಒಗೆದು ಬಿಸಿಲಿಗೆ ಹರವಿ. ಒದ್ದೆಯಾಗಿ ಮೂಲೆಯಲ್ಲಿ ಬಿದ್ದ ಮಾಪ್‌ನಲ್ಲಿ ಬ್ಯಾಕ್ಟೀರಿಯಾ ರಾತ್ರಿಯಿಡೀ ಹೆಚ್ಚುತ್ತವೆ.

ರೋಗಿಯ ಮನೆಯವರು ಮಂಚ ಮುಟ್ಟುವ ಮುಂಚೆಯೂ ಆಮೇಲೂ ಕೈಗೆ 20ರಿಂದ 30 ಸೆಕೆಂಡು ಹ್ಯಾಂಡ್‌ರಬ್ (ಆಲ್ಕೋಹಾಲ್ ಇರುವ ದ್ರಾವಣ) ಉಜ್ಜಿಕೊಳ್ಳಿ. ಕೈ ಕೊಳೆಯಾಗಿದ್ದರೆ, ಶೌಚಕ್ಕೆ ಹೋಗಿ ಬಂದಿದ್ದರೆ ಸೋಪೇ ಬೇಕು.

ಆಸ್ಪತ್ರೆ ನಡೆಸುವವರಲ್ಲಿ ಒಂದು ಕೋರಿಕೆ: ಸ್ವಚ್ಛತೆಯ ಅಕ್ಕಂದಿರ ಕೈಗೆ ಅಳತೆಯ ಮಗ್ಗು, ಗಟ್ಟಿ ಕೈಗವಸು, ಸಾಕಷ್ಟು ಬಟ್ಟೆ ಕೊಡಿ. ಅಂದಾಜಿನಲ್ಲಿ ಬೆರೆಸು ಎಂದು ಅವರಿಗೆ ಹೇಳಬೇಡಿ.