ನಿಂತ ಗೆರೆಯ ತೊಡಕು

ಕೇಳುಗರೆ, ನಮಸ್ಕಾರ.

ನವಲಗುಂದದ ಜಮಖಾನೆಯನ್ನು ಹತ್ತಿರದಿಂದ ನೋಡಿ. ಅದರಲ್ಲಿನ ನವಿಲಿನ ಕೊರಳು ದುಂಡಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೂಲಿನ ಲೆಕ್ಕವೇ ಅದು. ಸಾಮಾನ್ಯ ಬಟ್ಟೆಯಲ್ಲಿ ಹೊಕ್ಕು, ಅಂದರೆ ಅಡ್ಡ ನೂಲು, ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಇಲ್ಲಿ ಪ್ರತಿ ಬಣ್ಣ ತನ್ನ ಜಾಗದಷ್ಟೇ ಹೋಗಿ ಹಿಂದಿರುಗುತ್ತದೆ, ಹಾಸನ್ನು, ಅಂದರೆ ಮಗ್ಗಕ್ಕೆ ಬಿಗಿದ ಉದ್ದ ನೂಲನ್ನು, ಪೂರ್ತಿ ಮುಚ್ಚುತ್ತದೆ. ಗೋಡೆಗೆ ತೂಗುಹಾಕುವ ಯುರೋಪಿನ ಚಿತ್ರಬಟ್ಟೆ ಟೇಪೆಸ್ಟ್ರಿಯೂ ಇದೇ ಜಾತಿಯ ನೇಯ್ಗೆ.

ಈಗಿನ ವಿನ್ಯಾಸಕಾರರು ಕಂಪ್ಯೂಟರಿನಲ್ಲಿ ಬರೆದ ಚಿತ್ರ ಮಗ್ಗಕ್ಕೆ ಬಂದಾಗ ತೊಡಕಾಗುವುದು ನಿಂತ ಗೆರೆಯಲ್ಲೇ. ಕೆಂಪು ಇತ್ತ ತಿರುಗುತ್ತದೆ, ಕಪ್ಪು ಅತ್ತ ತಿರುಗುತ್ತದೆ. ನಡುವೆ ಸೀಳು ಬಾಯಿ ಬಿಡುತ್ತದೆ. ಬೆರಳಗಲದಷ್ಟಾದರೆ ಚಿಂತೆಯಿಲ್ಲ. ಗೇಣುದ್ದವಾದರೆ ತೂಗುಹಾಕಿದಾಗ ಜೋತುಬೀಳುತ್ತದೆ, ಹಾಸಿದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಬಣ್ಣವನ್ನೂ ಒಂದೇ ಹಾಸಿನೆಳೆಗೆ ಸುತ್ತಿಸಿದರೆ ಸೀಳು ಮುಚ್ಚುತ್ತದೆ, ಆದರೆ ಅಲ್ಲಿ ನೂಲು ಇಮ್ಮಡಿಯಾಗಿ ಏಣು ಎದ್ದು, ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಗೆರೆಯನ್ನು ಓರೆ ಮಾಡಿ, ಎರಡೆರಡು ಹೊಕ್ಕಿಗೆ ಒಂದೊಂದು ಎಳೆ ಸರಿಸುತ್ತ ಹೋದರೆ ಸೀಳೇ ಇಲ್ಲ. ಮೆಟ್ಟಿಲು ಹುಟ್ಟುವುದು ಹೀಗೆ.

ಯುರೋಪಿನ ನೇಕಾರರು ಬಹುಮಟ್ಟಿಗೆ ಚಿತ್ರವನ್ನೇ ಅಡ್ಡ ಮಲಗಿಸಿ ನೇಯ್ದರು. ನಿಂತ ಗೆರೆ ಮಲಗಿದ ಗೆರೆಯಾಯಿತು. 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ನೇಕಾರ್ತಿ ಗುಂಟಾ ಸ್ಟೋಲ್ಜ್ಲ್ ಸೀಳನ್ನು ಮರೆಮಾಚದೆ ವಿನ್ಯಾಸದೊಳಕ್ಕೇ ತಂದರು. ಹೊಸತನವೆಂದರೆ ನನಗೆ ಇದೇ. ಹಳೆಯ ನವಿಲಿಗೆ ಹೊಸ ಬಣ್ಣ ಬಳಿಯುವುದು ಅಷ್ಟರಲ್ಲೇ ಇದೆ.

ನೀವೇ ಹೆಣೆದು ನೋಡುವುದಾದರೆ ಗಟ್ಟಿ ಮರದ ಚೌಕಟ್ಟು ಸಾಕು. ಅಗಲ 20 ಸೆಂಟಿಮೀಟರ್. ಸೆಂಟಿಮೀಟರಿಗೆ ಮೂರರಂತೆ ಬಿಗಿ ಹುರಿಯ ಹತ್ತಿನೂಲು, 60 ಎಳೆ. ಒಂದೆಳೆ ಸಡಿಲವಾದರೂ ಅಲ್ಲಿ ಬಟ್ಟೆ ಉಬ್ಬುತ್ತದೆ. ಅಂಗೈ ಸವರಿ ಬಿಗಿ ನೋಡಿ.

ಹೆಚ್ಚಿನವರು ಎಡವುವುದು ಹೊಕ್ಕನ್ನು ನೆಟ್ಟಗೆ ಎಳೆಯುವುದರಲ್ಲಿ. ಹೊಕ್ಕು ಒಂದೊಂದು ಹಾಸಿನೆಳೆಯ ಮೇಲೂ ಕೆಳಗೂ ಬಳುಕಿ ಹೋಗಬೇಕು, ಆ ಬಳುಕಿಗೆ ನೂಲು ಸಾಲದಾದರೆ ಅಂಚು ಒಳಕ್ಕೆ ಜಗ್ಗುತ್ತದೆ. ಕಮಾನಿನಂತೆ ಸಡಿಲ ಬಿಟ್ಟು, ನಡುವೆ ಬೆರಳಿನಿಂದ ಒತ್ತಿ, ಆಮೇಲೆ ಬಾಚಣಿಗೆಯಂಥ ಪಂಜಾದಿಂದ ಬಡಿಯಿರಿ. ಆರಂಭದಲ್ಲಿ ಐದು ಸೆಂಟಿಮೀಟರಿಗೊಮ್ಮೆ ಅಳೆಯಿರಿ. 20 ಇದ್ದದ್ದು 19ಕ್ಕೆ ಇಳಿದಿದ್ದರೆ ಮುಂದೆ ಸರಿಹೋಗುತ್ತದೆಂದು ಸಾಗಬೇಡಿ, ಜಗ್ಗಲು ಶುರುವಾದಲ್ಲಿಯವರೆಗೆ ಬಿಚ್ಚಿ.

ಕೆಂಪು ನೂಲನ್ನಂತೂ ಮೊದಲೇ ಬೆಚ್ಚನೆಯ ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ, ಬಣ್ಣ ಬಿಡುವುದು ನಿಲ್ಲುವವರೆಗೆ ಆ ಲಡಿ ಮಗ್ಗಕ್ಕೆ ಬೇಡ.