ಭೂತವನ್ನು ಹಿಡಿದ ಬೆಸ್ತ, ಬೂದಿ ಬಿದ್ದ ದೋಣಿ

[ತೆರೆಯ ಮೇಲೆ: ಹಳೆಯ ಹಿತ್ತಾಳೆ ಪಾತ್ರೆ, ಅದರ ಬಾಯಿಂದ ಏಳುವ ಹೊಗೆ]

1957ರ ಜನವರಿ 23ರಂದು ಅಮೆರಿಕದ ಟಿವಿಯಲ್ಲಿ ಪ್ರಸಾರವಾದ ವಾಲ್ಟ್ ಡಿಸ್ನಿಯವರ ‘ಅವರ್ ಫ್ರೆಂಡ್ ದಿ ಆಟಮ್’ ಕಾರ್ಯಕ್ರಮವು ಪರಮಾಣುವನ್ನು ಅರೇಬಿಯನ್ ನೈಟ್ಸ್‌ನ ಕಥೆಯೊಂದರ ಮೂಲಕ ಪರಿಚಯಿಸಿತು. ಬೆಸ್ತನ ಬಲೆಗೆ ಸಿಕ್ಕ ಪಾತ್ರೆಯಿಂದ ಎದ್ದ ಭೂತ ಅವನನ್ನೇ ಕೊಲ್ಲಲು ಹೊರಡುತ್ತದೆ. ಅವನು ಉಪಾಯದಿಂದ ಅದನ್ನು ಮತ್ತೆ ಪಾತ್ರೆಯೊಳಗೆ ಸೇರಿಸಿ, ಕಡೆಗೆ ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುತ್ತಾನೆ. 1953ರ ಡಿಸೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ‘ಶಾಂತಿಗಾಗಿ ಪರಮಾಣು’ ಎಂಬ ವಿಚಾರಕ್ಕೆ ಇಷ್ಟು ಸರಳವಾದ ರೂಪ ಬೇರೆಲ್ಲೂ ಸಿಕ್ಕಿರಲಾರದು.

[ತೆರೆಯ ಮೇಲೆ: ಮೇಜಿನ ತುಂಬ ಇಲಿಕತ್ತರಿಗಳು]

ಅದೇ ಕಾರ್ಯಕ್ರಮದಲ್ಲಿ ಭೌತವಿಜ್ಞಾನಿ ಹೈನ್ಸ್ ಹೇಬರ್, ಸ್ಪ್ರಿಂಗ್ ಎಳೆದಿಟ್ಟ ನೂರಾರು ಇಲಿಕತ್ತರಿಗಳ ಮೇಲೆ ಪಿಂಗ್‌ಪಾಂಗ್ ಚೆಂಡುಗಳನ್ನು ಕೂರಿಸಿ, ನಡುವೆ ಒಂದೇ ಒಂದು ಚೆಂಡನ್ನು ಎಸೆಯುತ್ತಾರೆ. ಒಂದು ಕತ್ತರಿ ಸಿಡಿಯುತ್ತದೆ, ಅದರಿಂದ ಹಾರಿದ ಚೆಂಡುಗಳು ಬೇರೆ ಕತ್ತರಿಗಳನ್ನು ಸಿಡಿಸುತ್ತವೆ, ನೋಡನೋಡುತ್ತಲೇ ಮೇಜೆಲ್ಲ ಬಿಳಿ ಚೆಂಡುಗಳ ಮಳೆ. ಸರಪಳಿ ಕ್ರಿಯೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ, ಆದರೆ ಈ ಮೇಜು ತೋರಿಸುವುದು ಬಾಂಬನ್ನು, ವಿದ್ಯುತ್ ಸ್ಥಾವರವನ್ನಲ್ಲ. ಯುರೇನಿಯಂ ಪರಮಾಣುವಿನ ನಡುವಿನ ಬೀಜ, ಅಂದರೆ ನ್ಯೂಕ್ಲಿಯಸ್, ಒಡೆದಾಗ ನ್ಯೂಟ್ರಾನ್‌ಗಳೆಂಬ ಸೂಕ್ಷ್ಮ ಕಣಗಳು ಎರಡೋ ಮೂರೋ ಹೊರಬರುತ್ತವೆ. ಸ್ಥಾವರದಲ್ಲಿ ಈ ಕ್ರಿಯೆ ನಡೆಯುವ ರಿಯಾಕ್ಟರ್ ಒಂದೇ ಹದದಲ್ಲಿ ನಡೆಯಬೇಕಾದರೆ ಅವುಗಳಲ್ಲಿ ಸರಾಸರಿ ಒಂದು ಮಾತ್ರ ಇನ್ನೊಂದು ಬೀಜವನ್ನು ಒಡೆಯಬೇಕು, ಉಳಿದವು ನಿಯಂತ್ರಕ ಸರಳುಗಳಲ್ಲೋ ಬೇರೆ ವಸ್ತುಗಳಲ್ಲೋ ಹೀರಿಹೋಗಬೇಕು ಅಥವಾ ಹೊರಗೆ ಸೋರಿಹೋಗಬೇಕು. ಅಂದರೆ ಒಂದು ಕತ್ತರಿಯಾದ ಮೇಲೆ ಇನ್ನೊಂದು, ತಾಳ ತಪ್ಪದಂತೆ, ತಿಂಗಳುಗಟ್ಟಲೆ. ಪಾತ್ರೆಯೊಳಗಿನ ಭೂತವೆಂದರೆ ನಿಜವಾಗಿ ಈ ತಾಳವೇ, ಮತ್ತು ಅದು ಎಷ್ಟು ಸೂಕ್ಷ್ಮವೆಂಬುದನ್ನು ಸಿಡಿಯುವ ಮೇಜು ಹೇಳಲಾರದು.

[ತೆರೆಯ ಮೇಲೆ: ಮರದ ಮೀನುಗಾರಿಕಾ ದೋಣಿ]

ಆ ಹೊತ್ತಿಗಾಗಲೇ ಕಥೆಯಲ್ಲದ ಬೆಸ್ತರೂ ಇದ್ದರು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನಿಂದ ಎದ್ದ, ವಿಕಿರಣ ಸೂಸುವ ಬಿಳಿ ಬೂದಿಯು, ಘೋಷಿತ ಅಪಾಯ ವಲಯದ ಹೊರಗಿದ್ದ ಜಪಾನಿನ ‘ಐದನೆಯ ಫುಕುರ್ಯು ಮಾರು’ ಮೀನುಗಾರಿಕಾ ದೋಣಿಯ 23 ಜನರ ಮೇಲೆ ಸುರಿಯಿತು. ಸೆಪ್ಟೆಂಬರ್ 23ರಂದು ಅದರ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ತೀರಿಕೊಂಡರು.

ಅದೇ ವರ್ಷ ನವೆಂಬರ್ 3ರಂದು ಜಪಾನಿನಲ್ಲಿ ‘ಗಾಡ್ಜಿಲ್ಲಾ’ ಚಲನಚಿತ್ರ ಬಿಡುಗಡೆಯಾಯಿತು. ಸಮುದ್ರದಲ್ಲಿ ಕಣ್ಣು ಕೋರೈಸುವ ಬೆಳಕಿಗೆ ಹಡಗೊಂದು ಆಹುತಿಯಾಗುವುದರಿಂದಲೇ ಅದು ಆರಂಭವಾಗುತ್ತದೆ. ಊರನ್ನು ತುಳಿಯುವ ಪ್ರಾಣಿಯನ್ನೇ ಎಲ್ಲರೂ ನೆನೆಯುತ್ತಾರಾದರೂ, ವಿಕಿರಣವೆಂದರೇನು ಎಂಬುದನ್ನು ನನಗೆ ಮನಗಾಣಿಸಿದ್ದು ಆಸ್ಪತ್ರೆಯ ಒಂದು ಪುಟ್ಟ ದೃಶ್ಯ. ಅಲ್ಲಿ ಪುಟ್ಟ ಮಗುವಿನ ಎದುರು ವಿಕಿರಣವನ್ನು ಅಳೆಯುವ ಗೈಗರ್ ಮಾಪಕವನ್ನು ಹಿಡಿದ ವಿಜ್ಞಾನಿ ಏನನ್ನೂ ಹೇಳದೆ ತಲೆಯಾಡಿಸುತ್ತಾನೆ.