ಸೋಂಪಿನ ತಟ್ಟೆಯ ಚಿಲ್ಲರೆ

ಕೇಳುಗರಿಗೆ ನಮಸ್ಕಾರ.

ಹೋಟೆಲಿನಲ್ಲಿ ತಿಂಡಿ ಮುಗಿದ ಮೇಲೆ ಬಿಲ್ಲು ಒಂದು ಪುಟ್ಟ ತಟ್ಟೆಯಲ್ಲಿ ಬರುತ್ತಿತ್ತು, ನೆನಪಿದೆಯಾ? ಜೊತೆಗೆ ಒಂದಿಷ್ಟು ಸೋಂಪು. ನಾವು ನೋಟು ಇಡುತ್ತಿದ್ದೆವು. ಸಪ್ಲೈಯರ್ ಅದನ್ನು ಗಲ್ಲಾಕ್ಕೆ ಕೊಟ್ಟು ಚಿಲ್ಲರೆ ತರುತ್ತಿದ್ದರು. ಅದರಲ್ಲಿ ಒಂದೆರಡು ನಾಣ್ಯ ತಟ್ಟೆಯಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದೆವು. ಅದೇ ಟಿಪ್ಸು. ಹಿರಿಯರ ಬಾಯಲ್ಲಿ ಭಕ್ಷೀಸು.

ಆ ತಟ್ಟೆಯ ಇನ್ನೊಂದು ಬದಿಯಲ್ಲಿ ನಾನು ಮೂರು ವರ್ಷ ನಿಂತಿದ್ದೇನೆ. ನಮ್ಮೂರು ಕುಂದಾಪುರದ ಕಡೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಬೆಂಗಳೂರಿಗೆ ಬಂದವನು ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆದೆ. ಸಂಜೆ ಕಾಲೇಜು, ಉಳಿದ ಹೊತ್ತು ಕೆಲಸ. ಊಟ, ಮಲಗುವ ಜಾಗ ಹೋಟೆಲಿನದೇ. ಸಂಬಳ ಪೂರ್ತಿ ಮನಿಆರ್ಡರ್ ಆಗಿ ಊರಿಗೆ ಹೋಗುತ್ತಿತ್ತು. ನನ್ನದು ಅಂತ ಉಳಿಯುತ್ತಿದ್ದದ್ದು ತಟ್ಟೆಯ ನಾಲ್ಕಾಣೆ, ಎಂಟಾಣೆ. ಸೋಪು, ತಲೆಗೆ ಎಣ್ಣೆ, ನೋಟ್‌ಬುಕ್ಕು ಅದರಲ್ಲೇ. ಪಿಯುಸಿ ಪರೀಕ್ಷೆಯ ಫೀಸನ್ನೂ ಅದರಲ್ಲೇ ಕಟ್ಟಿದೆ.

ತಿಂಗಳ ಮೊದಲ ವಾರ ಟಿಪ್ಸು ಹಾಕಿಡುವ ಡಬ್ಬಿ ಬೇಗ ತುಂಬುತ್ತಿತ್ತು. ಇಪ್ಪತ್ತನೇ ತಾರೀಖು ದಾಟಿದರೆ ಅದೇ ಗಿರಾಕಿಗಳು, ಅದೇ ಮಸಾಲೆ ದೋಸೆ, ಆದರೆ ತಟ್ಟೆ ಖಾಲಿ. ಅವರ ಮೇಲೆ ನಮಗೆ ಬೇಸರ ಇರಲಿಲ್ಲ. ಅವರ ಸಂಬಳವೂ ಮುಗಿದಿರುತ್ತದೆ ಅಂತ ಗೊತ್ತಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ ಒರೆಸುವ ಕ್ಲೀನರ್ ಹುಡುಗನಿಗೆ ಒಂದು ಪಾಲು ಕೊಡಬೇಕು. ಇದು ನಮ್ಮೊಳಗಿನ ಕಟ್ಟುಪಾಡು. ಅವನ ಕಡೆ ಗಿರಾಕಿಗಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆಮೇಲೆ ಊರ ತುಂಬ ದರ್ಶಿನಿಗಳು. ಟೋಕನ್ ತಗೊಂಡು, ನಿಂತೇ ತಿಂದು ಹೋಗುವುದು. ಅಲ್ಲಿ ಸಪ್ಲೈಯರ್ ಇಲ್ಲ, ಹಾಗಾಗಿ ಟಿಪ್ಸೂ ಇಲ್ಲ ಅಂತ ನಾವು ಅಂದುಕೊಂಡೆವು. ಆದರೆ ಎಂಜಲು ತಟ್ಟೆ ತುಂಬಿದ ಟಬ್ಬನ್ನು ಎತ್ತಿಕೊಂಡು ಓಡಾಡುವ ಒಬ್ಬರು ಅಲ್ಲೂ ಇದ್ದೇ ಇರುತ್ತಾರೆ ಅಲ್ವಾ?

2016ರಲ್ಲಿ ಯುಪಿಐ ಬಂತು. ನನಗೂ ಅದು ಅನುಕೂಲವೇ. 185 ರೂಪಾಯಿ ಬಿಲ್ಲಿಗೆ ಸರಿಯಾಗಿ 185 ಹೋಗುತ್ತದೆ. ಮೊದಲಾದರೆ ಇನ್ನೂರರ ಬಾಕಿ ಹದಿನೈದು ರೂಪಾಯಿ ತಟ್ಟೆಯಲ್ಲಿ ಉಳಿಯುತ್ತಿತ್ತು. ಜನ ಜಿಪುಣರಾದರು ಅಂತ ನಾನು ಒಪ್ಪುವುದಿಲ್ಲ. ಚಿಲ್ಲರೆ ಹೋಯಿತು, ಅದರ ಜೊತೆ ಆ ಅಭ್ಯಾಸವೂ ಹೋಯಿತು. ಅದಕ್ಕೇ ನಾನೀಗ ಅಂಗಿ ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡೇ ಮನೆ ಬಿಡುತ್ತೇನೆ.

ದೊಡ್ಡ ರೆಸ್ಟೋರೆಂಟುಗಳ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ. ಅದನ್ನು ತಾನಾಗಿಯೇ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಅಂತ ಕೇಳಿ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕ ಸಹಾಯವಾಣಿ. ಉಳಿದ ದುಡ್ಡಲ್ಲಿ ಒಂದಷ್ಟನ್ನು ಬಡಿಸಿದವರ ಕೈಗೇ ಕೊಡಿ.

ಗ್ಯಾಸ್ ಸಿಲಿಂಡರ್ ಮನೆಗೆ ತರುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಆದರೂ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದವರಿಗೆ ನಾನು ಕೊಡುತ್ತೇನೆ. ಬೇಕೇ ಬೇಕು ಅಂತ ಬಾಗಿಲಲ್ಲಿ ನಿಂತು ಜಗಳ ಮಾಡಿದರೆ ಕೊಡುವುದಿಲ್ಲ.

ಒಂದು ಮಾತು ಹೇಳಲೇಬೇಕು. ನನ್ನ ತಂಗಿಗೆ ಹೆರಿಗೆ ಆದ ದಿನ ಆಸ್ಪತ್ರೆಯ ಕೆಲಸದವರೊಬ್ಬರು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಅಮ್ಮ ಕೈ ಚಾಚಿದರು. "ಗಂಡು ಮಗು, ಐನೂರು ಕೊಡಿ" ಅಂದರು ಮಗು ತಂದವರು. ದುಡ್ಡು ಎಣಿಸುವವರೆಗೂ ಮಗು ಅವರ ಕೈಯಲ್ಲೇ ಇತ್ತು. ಅಮ್ಮ ಸೆರಗಿನ ಗಂಟು ಬಿಚ್ಚಿದರು. ಊರಿಗೆ ಹೋಗುವ ಬಸ್ ಚಾರ್ಜಿಗೆ ಅಂತ ಇಟ್ಟಿದ್ದ ದುಡ್ಡು ಅದು. ಖುಷಿಗೆ ಕೊಟ್ಟದ್ದು ಅಂತ ಅವರು ಹೇಳಿಕೊಂಡಿರಬಹುದು. ನಾನು ಹಾಗೆ ಕರೆಯಲಾರೆ. ಕೊಡದಿದ್ದರೆ ಕೆಲಸ ನಿಲ್ಲುತ್ತದೆ ಅನ್ನುವ ಭಯದಲ್ಲಿ ಕೊಟ್ಟದ್ದು ಲಂಚ. ಸ್ಟ್ರೆಚರ್ ತಳ್ಳಲು ಕೇಳಿದರೂ ಅಷ್ಟೇ, ಶವ ಒಪ್ಪಿಸಲು ಕೇಳಿದರೂ ಅಷ್ಟೇ. ಅಲ್ಲಿ ಕೊಡಬೇಡಿ, ಮೇಲಿನವರಿಗೆ ದೂರು ಕೊಡಿ. ಹೇಳುವಷ್ಟು ಸುಲಭ ಅಲ್ಲ ಅಂತ ಗೊತ್ತು. ಅವತ್ತು ನಾನೂ ಅಮ್ಮನ ಪಕ್ಕದಲ್ಲೇ ಸುಮ್ನೆ ನಿಂತಿದ್ದೆ.

ಟ್ಯಾಕ್ಸಿ ಆಪ್‌ಗಳಲ್ಲಿ ಗಾಡಿ ಬರುವ ಮೊದಲೇ ಟಿಪ್ಸು ಸೇರಿಸಿ ಅಂತ ಬಂದದ್ದುಂಟಲ್ಲ, ಅದೂ ನನಗೆ ಸರಿ ಕಾಣುವುದಿಲ್ಲ. ಕೆಲಸಕ್ಕೆ ಮೊದಲೇ ಕೊಡುವುದು ಬಾಡಿಗೆ ಏರಿಸಿದ ಹಾಗೆ. ದುಡ್ಡಿಲ್ಲದವರು ಮಳೆಯಲ್ಲಿ ನಿಂತೇ ಇರುತ್ತಾರೆ. ಇಳಿಯುವಾಗ ಕೊಡೋಣ.

ಆದರೆ ಊಟ ತಂದುಕೊಡುವ ಹುಡುಗರಿಗೆ, ಹುಡುಗಿಯರಿಗೆ ದಯವಿಟ್ಟು ಕೊಡಿ. ಅವರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾಯ್ದೆಯನ್ನೇ ತಂದಿದೆ. ಪ್ರತಿ ಕೆಲಸಕ್ಕೂ ಕಂಪನಿಗಳು ಅವರಿಗೆ ಕೊಡುವ ದುಡ್ಡಿನ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಅಂತ ಅದರಲ್ಲಿದೆ. ಅದು ನಿಧಿಗೆ ಹೋಗುವ ದುಡ್ಡು. ಇವತ್ತಿನ ಪೆಟ್ರೋಲಿಗೆ, ಇವತ್ತಿನ ಚಹಾಕ್ಕೆ ಅದು ಒದಗುವುದಿಲ್ಲ. ಲಿಫ್ಟು ಬಳಸಬೇಡಿ ಅಂತ ಬೋರ್ಡು ಹಾಕಿದ ಅಪಾರ್ಟ್‌ಮೆಂಟಾದರೆ, ನೀವೇ ಕೆಳಗೆ ಇಳಿದು ಹೋಗಿ ತಗೊಳ್ಳಿ. ಅದೂ ಕೊಟ್ಟ ಹಾಗೇ.

ಹೋದ ವಾರ ಬಸವನಗುಡಿಯ ಒಂದು ಹೋಟೆಲಿನಲ್ಲಿ ಕೂತಿದ್ದೆ. ಬಡಿಸಿದ ಹುಡುಗ ಅಸ್ಸಾಮಿನವನು. ಕನ್ನಡ ಕಲಿತಿದ್ದ. ಇಪ್ಪತ್ತು ರೂಪಾಯಿ ಕೊಟ್ಟೆ.

"ಬಿಲ್ ಕೌಂಟರ್‌ನಲ್ಲಿ ಕೊಡಿ ಸಾರ್" ಅಂದ.

"ಬಿಲ್ ಆಯ್ತಪ್ಪ. ಇದು ನಿನಗೆ, ಕಾಫಿಗೆ ಇಟ್ಕೊ."

ಅವನು ಆಚೆ ಟೇಬಲ್ ಒರೆಸುತ್ತಿದ್ದ ಹುಡುಗನ ಕಡೆ ನೋಡಿದ. "ಇಬ್ರಿಗೂನಾ ಸಾರ್?"

ಜೇಬಿನಲ್ಲಿದ್ದ ಇನ್ನೊಂದು ನೋಟನ್ನೂ ತೆಗೆದುಕೊಟ್ಟೆ.

ನಮಸ್ಕಾರ.